ಹೆಸರೊಂದನ್ನು ಬಿಟ್ಟು

ಊಟಕ್ಕೆ ಕರೆದರೆ ಮಗು ಬರುವುದಿಲ್ಲ. ‘ಬಂದೆ’ ಎನ್ನುತ್ತದೆ, ಕೂತಲ್ಲಿಂದ ಏಳುವುದಿಲ್ಲ. ಮೂರು ಸಲ ಕೂಗಿ, ನಾಲ್ಕನೆಯ ಸಲ ಹೋಗಿ ನೋಡಿದರೆ ಕೈಯಲ್ಲಿ ಫೋನು, ಮುಖ ಅದರೊಳಗೆ. ನಿಮ್ಮ ಮನೆಯಲ್ಲೂ ಹೀಗೇ ಇದ್ದರೆ ದಯವಿಟ್ಟು ಇದನ್ನು ಕೊನೆಯವರೆಗೆ ಓದಿ.

ಇದು ನಾಲ್ಕು ಜನರ ಮನೆ. ಅಪ್ಪ ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ಕೆಟ್ಟರೆ ಬಾವಿಯಂಥ ಗುಂಡಿಗೆ ಇಳಿದು ಸರಿ ಮಾಡುವವನು. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಅಮ್ಮ ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಮೆಷಿನ್ ನೋಡಿಕೊಳ್ಳುತ್ತಾಳೆ. ಅವಳ ಫೋನು ನಾಲ್ಕು ಗಂಟೆಯವರೆಗೆ ಲಾಕರಿನಲ್ಲಿರುತ್ತದೆ. ಮನೆಯಲ್ಲಿ ಮಂಡಿ ನೋವಿನ ಅಜ್ಜಿ. ಹನ್ನೊಂದು ವರ್ಷದ ಮಗಳು ಆರನೇ ಕ್ಲಾಸು. ಮನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಪುಟ್ಟಿ.

ಪುಟ್ಟಿಗೆ ಚಿತ್ರ ಬಿಡಿಸುವುದೆಂದರೆ ಪ್ರಾಣ. ಅಪ್ಪನ ಹಳೆಯ ಫೋನಿನಲ್ಲಿ ಒಂದು ಚಿತ್ರದ ಆ್ಯಪ್ ಇತ್ತು. ತಾನು ಬಿಡಿಸಿದ್ದನ್ನು ಅದರಲ್ಲಿ ಹಾಕಿದರೆ ಬೇರೆ ಮಕ್ಕಳು ನೋಡಿ ಮೆಚ್ಚುತ್ತಿದ್ದರು. ಹಾಗಂತ ಅವಳು ನಂಬಿದ್ದಳು.

ಒಂದು ಸಂಜೆ ಶಾಲೆಯಿಂದ ಚೀಟಿ ಬಂತು. ಕಂಪ್ಯೂಟರ್ ಟೀಚರ್ ಬರೆದದ್ದು. ಇಂಟರ್ನೆಟ್‌ನಲ್ಲಿ ಮಕ್ಕಳ ಸ್ವಂತ ವಿವರಗಳನ್ನು ಕಾಪಾಡುವುದು ಹೇಗೆ ಎಂದು ಹೇಳಿಕೊಡುತ್ತೇವೆ, ಶನಿವಾರ ಪೋಷಕರು ಬನ್ನಿ ಎಂದಿತ್ತು.

ಅಪ್ಪ ಓದಿ ನಕ್ಕ. “ನಮ್ಮ ವಿವರ ತಗೊಂಡು ಯಾರಿಗೇನಾಗ್ಬೇಕು? ನಾನೇನು ಮಂತ್ರೀನಾ?”

“ಮಂತ್ರಿ ಆಗಿದ್ರೆ ಈ ಮನೆ ಫ್ಯಾನಾದ್ರೂ ರಿಪೇರಿ ಆಗಿರೋದು,” ಎಂದಳು ಅಜ್ಜಿ.

“ಹೋಗಿ ಬಂದ್ರೆ ಏನು ಕಳ್ಕೊಳ್ತೀವಿ? ಒಂದು ಗಂಟೆ ತಾನೆ,” ಎಂದಳು ಅಮ್ಮ.

“ವಾರಕ್ಕೊಂದು ರಜ, ಅದನ್ನೂ ಟೀಚರಮ್ಮನಿಗೆ ಕೊಡ್ಲಾ? ಹೆಸರು ಹೇಳ್ಬೇಡ ಅಂದ್ರೆ ಮುಗೀತು, ಹೇಳಲ್ಲ. ಅಲ್ವೇನೇ ಪುಟ್ಟಿ?”

“ಹೂಂ ಅಪ್ಪ. ನಾನು ಯಾರಿಗೂ ಹೆಸರು ಹೇಳಿಲ್ಲ,” ಎಂದಳು ಪುಟ್ಟಿ. ಅದು ಸುಳ್ಳಲ್ಲ. ಆ್ಯಪಿನಲ್ಲಿ ಅವಳು ಇಟ್ಟುಕೊಂಡ ಹೆಸರು ‘ಗುಬ್ಬಿ’.

ಶನಿವಾರ ಬಂತು, ಹೋಯಿತು. ಆ ಮನೆಯಿಂದ ಸಭೆಗೆ ಯಾರೂ ಹೋಗಲಿಲ್ಲ.

ಮುಂದಿನ ಬುಧವಾರ ಮಧ್ಯಾಹ್ನ ಎರಡೂವರೆಗೆ ಶಾಲೆಯ ಗೇಟಿನ ಮುಂದೆ ಒಂದು ಬಿಳಿ ಕಾರು ನಿಂತಿತು. ನಲವತ್ತರ ಆಸುಪಾಸಿನ ಒಬ್ಬಾತ ಇಳಿದು ಓಡೋಡಿ ಬಂದ. ಇಸ್ತ್ರಿ ಮಾಡಿದ ಅಂಗಿ, ಹಣೆಯ ತುಂಬ ಬೆವರು.

ಗೇಟಿನಲ್ಲಿ ಕೂರುವ ಹೆಂಗಸನ್ನು ಮಕ್ಕಳೆಲ್ಲ ದೊಡ್ಡಮ್ಮ ಎಂದೇ ಕರೆಯುತ್ತಾರೆ. ಹದಿನಾಲ್ಕು ವರ್ಷದಿಂದ ಅದೇ ಕುರ್ಚಿ, ಅದೇ ರಿಜಿಸ್ಟರ್.

“ಅಮ್ಮಾ, ಬೇಗ! ಆರನೇ ಬಿ ಸೆಕ್ಷನ್ ಹುಡುಗಿ, ಚೆನ್ನಾಗಿ ಚಿತ್ರ ಬಿಡಿಸ್ತಾಳಲ್ಲ, ಅವಳನ್ನ ಕರೀರಿ. ಅವರಮ್ಮ ಆಸ್ಪತ್ರೆ ಲಾಂಡ್ರೀಲಿ ಕೆಲಸ ಮಾಡೋದು. ಮೆಷಿನ್‌ಗೆ ಕೈ ಸಿಕ್ಕಿಬಿಟ್ಟಿದೆ!”

ದೊಡ್ಡಮ್ಮ ಕುರ್ಚಿಯಿಂದ ಎದ್ದಳು. ಪುಟ್ಟಿಯ ಅಮ್ಮ ಅವಳಿಗೆ ಗೊತ್ತು. ಆಯಾಳನ್ನು ಕ್ಲಾಸಿಗೆ ಓಡಿಸಿದಳು. ಎರಡು ನಿಮಿಷದಲ್ಲಿ ಪುಟ್ಟಿ ಬ್ಯಾಗು ತಗಲಿಸಿಕೊಂಡು ಬಂದಳು. ಒಂದು ಕಾಲಿನ ಶೂ ಲೇಸು ಬಿಚ್ಚಿ ನೆಲದ ಮೇಲೆ ಎಳೆದಾಡುತ್ತಿತ್ತು.

ಆತ ಗೇಟಿನ ಸರಳುಗಳ ಆಚೆಯಿಂದಲೇ ಬಗ್ಗಿ ಹೇಳಿದ. “ಹೆದರ್ಬೇಡ ಮರಿ. ನಾನು ಅಪ್ಪನ ಜೊತೆ ಕೆಲಸ ಮಾಡೋನು. ಅಪ್ಪ ಲಿಫ್ಟ್ ಗುಂಡಿಯೊಳಗಿದಾರೆ, ಫೋನ್ ಸಿಗ್ತಿಲ್ಲ. ಅಜ್ಜಿಗೆ ಮಂಡಿ ನೋವು, ಅವರು ಬರೋಕಾಗಲ್ಲ. ಅಮ್ಮ ನಿನ್ನೇ ಕೇಳ್ತಿದಾರೆ. ಬಾ, ಹೋಗೋಣ.”

ಈತನನ್ನು ಪುಟ್ಟಿ ನೋಡಿರಲಿಲ್ಲ. ಆದರೆ ಈತನಿಗೆ ಅಜ್ಜಿಯ ಮಂಡಿ ಗೊತ್ತು. ಅಪ್ಪನ ಗುಂಡಿ ಗೊತ್ತು. ಗೊತ್ತಿಲ್ಲದವರಿಗೆ ಇಷ್ಟೆಲ್ಲ ಹೇಗೆ ಗೊತ್ತಿರುತ್ತದೆ? ಅವಳು ಗೇಟಿನ ಕಡೆ ನಡೆದಳು.

ದೊಡ್ಡಮ್ಮ ಅಡ್ಡ ನಿಂತಳು. “ಒಂದು ನಿಮಿಷ ತಡ್ಕೊಳಿ ಸಾರ್. ಈ ಮಗೂನ ಕರ್ಕೊಂಡು ಹೋಗೋರ ಹೆಸರು ನಮ್ಮ ರಿಜಿಸ್ಟರಲ್ಲಿ ಮೂರೇ ಇರೋದು. ನಿಮ್ಮದಿಲ್ಲ.”

“ತಾಯಿ ಅಲ್ಲಿ ಒದ್ದಾಡ್ತಿದಾಳೆ, ನೀವು ರಿಜಿಸ್ಟರ್ ಅಂತೀರಲ್ರೀ!”

“ಫೋನ್ ಮಾಡ್ತೀನಿ, ಅವರ ಬಾಯಲ್ಲೇ ಕೇಳಿ ಕಳಿಸ್ತೀನಿ.”

ಅಮ್ಮನ ಫೋನು ರಿಂಗಾಯಿತು, ಯಾರೂ ಎತ್ತಲಿಲ್ಲ. ಅಪ್ಪನ ಫೋನು ವ್ಯಾಪ್ತಿ ಪ್ರದೇಶದ ಹೊರಗಿತ್ತು.

“ಹೇಳಿದ್ನಲ್ಲ,” ಎಂದ ಆತ. “ನಾನೇನು ಸುಳ್ಳು ಹೇಳ್ತೀನಾ?”

ಎಲ್ಲವೂ ಆತ ಹೇಳಿದ ಹಾಗೇ ಇತ್ತು. ದೊಡ್ಡಮ್ಮ ಇನ್ನೊಮ್ಮೆ ಅಮ್ಮನ ನಂಬರು ಒತ್ತಿದಳು, ಅದೇ ರಿಂಗು. ನಿಜವಾಗಿದ್ದರೆ? ತಾನು ತಡೆದು, ಮಗು ತಾಯಿಯ ಮುಖ ನೋಡದೆ ಹೋದರೆ? ಪುಟ್ಟಿ ಅವಳ ಸೆರಗು ಹಿಡಿದು ಎಳೆಯತೊಡಗಿದಳು. “ಬಿಡಿ ದೊಡ್ಡಮ್ಮ, ನಾನು ಹೋಗ್ಬೇಕು. ಅಮ್ಮ! ನಂಗೆ ಅಮ್ಮ ಬೇಕು!”

ಗಲಾಟೆ ಕೇಳಿ ಕಂಪ್ಯೂಟರ್ ಟೀಚರ್ ಓಡಿ ಬಂದರು. ವಿಷಯ ತಿಳಿದವರೇ ಆಸ್ಪತ್ರೆಯ ಸ್ವಾಗತ ಕೌಂಟರಿಗೆ ಫೋನು ಮಾಡಿದರು. “ಲಾಂಡ್ರಿಗೆ ಯಾರನ್ನಾದ್ರೂ ಕಳಿಸಿ ನೋಡಿಸ್ತೀರಾ? ಅಲ್ಲಿ ಯಾರಿಗಾದ್ರೂ ಪೆಟ್ಟಾಗಿದೆಯಾ? ಇಲ್ಲ, ನಾನು ಫೋನ್ ಇಡಲ್ಲ, ಕಾಯ್ತೀನಿ.”

ಕಾದರು. ಒಂದು ನಿಮಿಷ. ಎರಡು ನಿಮಿಷ. ಫೋನಿನೊಳಗೆ ಯಾವುದೋ ಸಂಗೀತ ಬರುತ್ತಿತ್ತು. ಆತ ವಾಚು ನೋಡಿಕೊಂಡ, ಕಾರು ನೋಡಿದ, ಮತ್ತೆ ವಾಚು ನೋಡಿಕೊಂಡ. ಪುಟ್ಟಿ ಬಿಕ್ಕುತ್ತಿದ್ದಳು.

ಫೋನು ಕಿವಿಗಿಟ್ಟುಕೊಂಡೇ ಟೀಚರ್ ಮೆಲ್ಲಗೆ ಕೇಳಿದರು. “ಸಾರ್, ಮಗು ಹೆಸರೇನು?”

“ಗುಬ್ಬಿ.”

“ಅದು ಮುದ್ದಿನ ಹೆಸರಿರಬೇಕು. ಹಾಜರಿ ಪುಸ್ತಕದಲ್ಲಿ ಏನಿದೆ?”

“ನಾವೆಲ್ಲ ಗುಬ್ಬಿ ಅಂತಾನೇ ಕರೆಯೋದು. ಅವರಮ್ಮ ಆ ನೋವಲ್ಲೂ ‘ಗುಬ್ಬಿ, ಗುಬ್ಬಿ’ ಅಂತಿದ್ರು, ಪಾಪ.”

ಪುಟ್ಟಿಯ ಅಳು ನಿಂತುಹೋಯಿತು.

ಟೀಚರ್ ಅವಳ ಪಕ್ಕ ಮಂಡಿಯೂರಿ ಕೂತರು. “ಪುಟ್ಟಾ, ಮನೇಲಿ ನಿನ್ನ ಏನಂತ ಕರೀತಾರೆ?”

“ಪುಟ್ಟಿ,” ಎಂದಳು ಅವಳು. ಕಣ್ಣೊರೆಸಿಕೊಂಡು ಮತ್ತೆ ಹೇಳಿದಳು. “ಪುಟ್ಟಿ ಅಂತ. ಗುಬ್ಬಿ ಅಂತ ಅಮ್ಮಂಗೆ ಗೊತ್ತೇ ಇಲ್ಲ ಟೀಚರ್. ಅದು ಬರೀ ಆ್ಯಪಲ್ಲಿ.”

ದೊಡ್ಡಮ್ಮ ಗೇಟಿನ ಚಿಲಕ ಹಾಕಿ ಬೀಗ ಜಡಿದಳು. ಆ ಸದ್ದಿಗೆ ಆತ ಎರಡು ಹೆಜ್ಜೆ ಹಿಂದೆ ಸರಿದ. “ಕಾರ್ ತಿರುಗಿಸ್ಕೊಂಡು ಬರ್ತೀನಿ,” ಎಂದ. ಕಾರು ತಿರುಗಿತು, ವಾಪಸ್ಸು ಬರಲಿಲ್ಲ. ದೊಡ್ಡಮ್ಮ ಅದರ ನಂಬರನ್ನು ರಿಜಿಸ್ಟರಿನ ಅಂಚಿನಲ್ಲಿ ಗೀಚಿಕೊಂಡಳು. ಆತುರಕ್ಕೆ ಕೊನೆಯ ಎರಡು ಅಂಕಿ ಒಂದರ ಮೇಲೊಂದು ಬಿದ್ದವು.

ಆಗ ಫೋನಿನಲ್ಲಿ ಏದುಸಿರು ಬಿಡುತ್ತ ಒಂದು ಧ್ವನಿ ಬಂತು. “ಹಲೋ? ಯಾರು? ನಾನು ಚೆನ್ನಾಗಿದೀನಿ. ನನ್ನ ಮಗಳಿಗೇನಾಯ್ತು?”

ಅಮ್ಮ ಒದ್ದೆ ಏಪ್ರನ್‌ನಲ್ಲೇ ಬಂದಳು. ಅರ್ಧ ಗಂಟೆಯ ನಂತರ ಅಪ್ಪ ಬಂದ, ಕೈಯೆಲ್ಲ ಗ್ರೀಸು. ಟೀಚರೂ ಅವರ ಜೊತೆ ಮನೆಗೆ ಹೋದರು.

ಮನೆಯಲ್ಲಿ ಅಪ್ಪ ಮಾಡಿದ ಮೊದಲ ಕೆಲಸ ಆ ಹಳೆಯ ಫೋನನ್ನು ಕೈಗೆತ್ತಿಕೊಂಡಿದ್ದು. “ಇದನ್ನ ನೆಲಕ್ಕೆ ಬಡಿದು ಚೂರು ಮಾಡ್ತೀನಿ. ನಿನಗೆ ಎಷ್ಟು ಸಲ ಹೇಳಿದೀನಿ ಕತ್ತೆ!” ಇನ್ನೊಂದು ಕೈ ಮಗಳ ಮೇಲೆ ಎತ್ತಿದ. ಪುಟ್ಟಿ ಅಜ್ಜಿಯ ಕುರ್ಚಿಯ ಹಿಂದೆ ಸರಿದಳು.

“ಒಡೀಬೇಡಿ!” ಟೀಚರ್ ಸ್ವರ ಏರಿಸಿದರು. “ಅಳಿಸ್ಲೂಬೇಡಿ. ಅವನನ್ನ ಹಿಡಿಯೋಕೆ ನಮ್ಮ ಹತ್ರ ಇರೋ ದೊಡ್ಡ ಸಾಕ್ಷಿ ಅದೇ. ಮಗೂನ ಹೊಡೀಬೇಡಿ. ಇವತ್ತು ಹೊಡೆದ್ರೆ ನಾಳೆ ಇದಕ್ಕಿಂತ ದೊಡ್ಡದಾದ್ರೂ ನಿಮ್ಮ ಹತ್ರ ಹೇಳಲ್ಲ.”

ಅಪ್ಪ ಫೋನನ್ನು ಮೇಜಿನ ಮೇಲೆ ಇಟ್ಟ. ಅದರ ಗಾಜಿನ ಮೇಲೆ ಅವನ ಬೆರಳಿನ ಕಪ್ಪು ಗುರುತು ಉಳಿಯಿತು.

ಟೀಚರ್ ಆ್ಯಪ್ ತೆರೆದರು. ಮೂರು ವಾರದ ಮಾತುಕತೆ ಅಲ್ಲೇ ಇತ್ತು. ಆ ಕಡೆಯಲ್ಲಿ ‘ಕುಂಚದ ಗೆಳತಿ’. ನನಗೆ ಹನ್ನೆರಡು ವರ್ಷ ಎಂದು ಹೇಳಿಕೊಂಡಿದ್ದಳು. ಟೀಚರ್ ಒಂದೊಂದಾಗಿ ಗಟ್ಟಿಯಾಗಿ ಓದಿದರು.

ನಿನ್ನ ಚಿತ್ರ ತುಂಬಾ ಚೆನ್ನಾಗಿದೆ, ನೀನು ಎಷ್ಟನೇ ಕ್ಲಾಸು? ‘ಆರನೇ ಬಿ.’ ನನ್ನ ಅಮ್ಮ ಮನೇಲೇ ಇರೋದು, ತುಂಬಾ ಬೈತಾಳೆ, ನಿನ್ನ ಅಮ್ಮ? ‘ಆಸ್ಪತ್ರೆ ಲಾಂಡ್ರೀಲಿ ಕೆಲಸ. ನಾಲ್ಕು ಗಂಟೆ ತನಕ ಫೋನ್ ಲಾಕರಲ್ಲಿ.’ ಅಪ್ಪ? ‘ಲಿಫ್ಟ್ ಗುಂಡಿಯೊಳಗೆ ಇರ್ತಾರೆ. ಸಿಗ್ನಲ್ ಇಲ್ಲ, ಹಿ ಹಿ.’ ಹಾಗಾದ್ರೆ ನಿನ್ನ ಯಾರು ಕರ್ಕೊಂಡು ಬರೋದು? ‘ನಾನೇ ಫ್ರೆಂಡ್ಸ್ ಜೊತೆ ನಡ್ಕೊಂಡು ಬರ್ತೀನಿ. ಅಜ್ಜಿಗೆ ಮಂಡಿ ನೋವು.’ ಚಿತ್ರ ಹಿಡ್ಕೊಂಡು ಒಂದು ಫೋಟೋ ಕಳಿಸು, ನಿನ್ನ ಮುಖ ನೋಡ್ಬೇಕು.

ಫೋಟೋ ಇತ್ತು. ನಗುಮುಖ, ಎರಡು ಜಡೆ, ಯೂನಿಫಾರಮ್ಮು. ಜೇಬಿನ ಮೇಲೆ ಶಾಲೆಯ ಬ್ಯಾಡ್ಜು.

ಕೊನೆಗೆ ಇನ್ನೊಂದು ಸಾಲು: ಇದೆಲ್ಲ ನಮ್ಮಿಬ್ಬರ ಗುಟ್ಟು. ದೊಡ್ಡೋರಿಗೆ ಗೊತ್ತಾದ್ರೆ ನಿನ್ನ ಫೋನ್ ಕಿತ್ಕೋತಾರೆ.

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

“ನಾನು ಹೆಸರು ಹೇಳಿಲ್ಲಮ್ಮ,” ಎಂದಳು ಪುಟ್ಟಿ ಕುರ್ಚಿಯ ಹಿಂದಿನಿಂದ. “ಹೆಸರೊಂದು ಬಿಟ್ಟು... ಉಳಿದಿದ್ದು ಹೇಳ್ಬಾರದು ಅಂತ ನಂಗೆ ಗೊತ್ತಿರ್ಲಿಲ್ಲ.”

“ತಪ್ಪು ನಿಂದಲ್ಲ ಪುಟ್ಟಾ,” ಎಂದರು ಟೀಚರ್. “ಅವನು ಕೇಳಿದ್ದೆಲ್ಲ ಚಿಕ್ಕ ಚಿಕ್ಕದು. ಬಿಡಿಬಿಡಿಯಾಗಿ ನೋಡಿದ್ರೆ ಯಾವುದ್ರಲ್ಲೂ ಏನೂ ಇಲ್ಲ. ಒಟ್ಟಿಗೆ ಸೇರಿಸಿದಾಗ ನೀನು ಎಲ್ಲಿರ್ತೀಯ, ಯಾವಾಗ ನಿನ್ನ ಮನೆಯೋರು ಫೋನಿಗೆ ಸಿಗಲ್ಲ, ಎಲ್ಲ ಸಿಕ್ಕಿಬಿಡ್ತು.”

ಅಪ್ಪ ಇನ್ನೂ ಸೋಲಲು ತಯಾರಿರಲಿಲ್ಲ. “ಬ್ಯಾಡ್ಜಲ್ಲಿ ಅಕ್ಷರ ಓದೋಕೇ ಆಗಲ್ಲ ಟೀಚರ್. ಈ ಶಾಲೇನೇ ಅಂತ ಅವನಿಗೆ ಹೇಗೆ ಗೊತ್ತಾಯ್ತು? ಶಾಲೆಯೋರೇ ಎಲ್ಲಾದ್ರೂ ಹಾಕಿರ್ಬೇಕು.”

“ಇರಬಹುದು. ನೋಡೋಣ. ನೀವೂ ಎಲ್ಲಾದ್ರೂ ಅವಳ ಫೋಟೋ ಹಾಕಿದೀರಾ?”

ಪುಟ್ಟಿ ಹೇಳಿದಳು. “ಅಪ್ಪ ಫೋಟೋ ಹಾಕೋ ಪೇಜಲ್ಲಿ ನನ್ನ ಚಿತ್ರಾನೂ ಇದೆ ಅಂತ ಕುಂಚದ ಗೆಳತಿಗೆ ತೋರಿಸಿದ್ದೆ.”

“ಸಾರ್, ನಿಮ್ಮ ಪೇಜ್ ತೆಗೀರಿ.”

ಅಪ್ಪ ತೆಗೆದ. ಯಾರು ಬೇಕಾದರೂ ನೋಡುವಂತಿದ್ದ ಪೇಜು. ಜೂನ್ ತಿಂಗಳ ಒಂದು ಫೋಟೋದಲ್ಲಿ ಪುಟ್ಟಿ ಬಹುಮಾನದ ಕಪ್ಪು ಹಿಡಿದು ಶಾಲೆಯ ಬೋರ್ಡಿನ ಕೆಳಗೆ ನಿಂತಿದ್ದಳು. ಇನ್ನೊಂದರಲ್ಲಿ ಮನೆಯ ಮುಂದೆ, ಹೊಸ ಬ್ಯಾಗಿನ ಜೊತೆ. ಹಿಂದೆ ಗೋಡೆಯ ಮೇಲೆ ಮನೆ ನಂಬರು ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಕೆಳಗೆ ಅಪ್ಪನೇ ಬರೆದಿದ್ದ: ‘ನಮ್ಮ ರಾಜಕುಮಾರಿ ಇವತ್ತಿಂದ ಒಬ್ಬಳೇ ನಡೆದು ಶಾಲೆಗೆ!’

ಅಪ್ಪ ಅದನ್ನು ಎರಡು ಸಲ ಓದಿದ. ಆಮೇಲೆ ಕುರ್ಚಿ ಹುಡುಕದೆ ನೆಲದ ಮೇಲೆಯೇ ಕೂತ. “ನಾನೇ ವಿಳಾಸ ಕೊಟ್ಟಿದೀನಿ,” ಎಂದ. “ನಾನೇ ಕೊಟ್ಟು ಅವಳ ಮೇಲೆ ಕೈ ಎತ್ತಿದೆ.”

ಪುಟ್ಟಿ ಕುರ್ಚಿಯ ಹಿಂದಿನಿಂದ ಬಂದು ಅವನ ಪಕ್ಕದಲ್ಲಿ ಕೂತಳು.

ಅದೇ ಸಂಜೆ ಎಲ್ಲರೂ ಪೊಲೀಸ್ ಠಾಣೆಗೆ ಹೋದರು. ಮಹಿಳಾ ಅಧಿಕಾರಿ ಪುಟ್ಟಿಯನ್ನು ಗದರಿಸಲಿಲ್ಲ. ಮಾತುಕತೆಯ ಪ್ರತಿ ಪುಟದ ಚಿತ್ರ ತೆಗೆದುಕೊಂಡರು, ರಿಜಿಸ್ಟರಿನ ಅಂಚಿನಲ್ಲಿದ್ದ ನಂಬರು ಬರೆದುಕೊಂಡರು. ಆಮೇಲಿನ ದಿನಗಳು ಕಷ್ಟದವು. ಬಿಳಿ ಕಾರು ಕಂಡರೆ ಪುಟ್ಟಿ ಗೋಡೆಗೆ ಅಂಟಿಕೊಳ್ಳುತ್ತಿದ್ದಳು. ಅಮ್ಮ ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ಮಂಡಿ ನೋವಿನ ಅಜ್ಜಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು.

ಒಂಬತ್ತನೆಯ ದಿನ ಠಾಣೆಯಿಂದ ಫೋನು ಬಂತು. ಅವನು ಸಿಕ್ಕಿದ್ದ. ಅವನು ಇನ್ನೂ ನಾಲ್ಕು ಮಕ್ಕಳ ಜೊತೆ, ನಾಲ್ಕು ಬೇರೆ ಬೇರೆ ಹೆಸರಿನಲ್ಲಿ ಮಾತಾಡುತ್ತಿದ್ದನಂತೆ. ಅವರಲ್ಲಿ ಒಬ್ಬಳು ಆ ಶುಕ್ರವಾರ ಅವನನ್ನು ಭೇಟಿಯಾಗಲು ಒಪ್ಪಿಕೊಂಡಿದ್ದಳು. “ನೀವು ಆ ಫೋನ್ ಒಡೆದಿದ್ರೆ ನಮಗೆ ಅವನು ಸಿಗ್ತಿರ್ಲಿಲ್ಲ,” ಎಂದರು ಅಧಿಕಾರಿ.

ಅವತ್ತು ಮನೆಯವರೆಲ್ಲ ಕೂತು ಕೆಲವು ವಿಷಯ ತೀರ್ಮಾನ ಮಾಡಿದರು. ಅಪ್ಪ ತನ್ನ ಪೇಜಿನಿಂದ ಮಗಳ ಫೋಟೋಗಳನ್ನೆಲ್ಲ ತೆಗೆದ. ಉಳಿದದ್ದು ಪರಿಚಯದವರಿಗೆ ಮಾತ್ರ ಕಾಣುವಂತೆ ಮಾಡಲು ಪುಟ್ಟಿಯೇ ಹೇಳಿಕೊಟ್ಟಳು. ಮನೆಯವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಪದವನ್ನೂ ಗೊತ್ತುಮಾಡಿದರು. ಯಾರೇ ಬಂದು ‘ಅಮ್ಮ ಕಳಿಸಿದಾರೆ’ ಎಂದರೂ ಆ ಪದ ಹೇಳದೆ ಪುಟ್ಟಿ ಒಂದು ಹೆಜ್ಜೆ ಇಡಬಾರದು. ಅಜ್ಜಿ ತನ್ನ ಮಂಡಿ ನೋವಿನ ಮಾತ್ರೆಯ ಹೆಸರನ್ನೇ ಇಡೋಣ ಎಂದಳು.

“ಅದು ಬೇಡ ಅಜ್ಜಿ. ಆ ಹೆಸರು ಇಡೀ ಬೀದಿಗೇ ಗೊತ್ತು, ದಿನಾ ಹೇಳ್ತಿರ್ತೀಯ,” ಎಂದಳು ಪುಟ್ಟಿ. ಒಂಬತ್ತು ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು. ಕೊನೆಗೆ ಯಾವ ಪದ ಇಟ್ಟರು ಎಂದು ಇಲ್ಲಿ ಬರೆಯುವ ಹಾಗಿಲ್ಲ, ಬಿಡಿ.

ಇದಾಗಿ ಇಪ್ಪತ್ತು ದಿನ ಕಳೆದಿರಬೇಕು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಪುಟ್ಟಿ ಬಾಗಿಲಲ್ಲಿ ಬಂದು ನಿಂತಳು.

“ಅಮ್ಮಾ, ಬೈಯಲ್ಲ ಅಂದ್ರೆ ಒಂದು ಹೇಳ್ತೀನಿ.”

‘ಮತ್ತೇನು ಮಾಡಿಕೊಂಡೆ?’ ಎಂಬ ಮಾತು ಅಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡು ಮಣೆ ಎಳೆದು ಕೂತಳು.

“ಹೇಳು. ಬೈಯಲ್ಲ.”

“ನಿನ್ನ ಫೋನಲ್ಲಿರೋ ಕ್ಲಾಸ್ ಗ್ರೂಪಲ್ಲಿ ಒಂದು ಲಿಂಕ್ ಬಂದಿದೆ. ಚಿತ್ರದ ಸ್ಪರ್ಧೆ, ಸೈಕಲ್ ಬಹುಮಾನ ಅಂತೆ. ನನ್ನ ಹುಟ್ಟಿದ ದಿನ, ಮನೆ ವಿಳಾಸ, ನಿನ್ನ ನಂಬರ್ ಕೇಳ್ತಿದೆ. ಆಮೇಲೆ ನಿನ್ನ ಫೋನಿಗೆ ಒಂದು ನಂಬರ್ ಬರುತ್ತಂತೆ, ಅದನ್ನೂ ಹಾಕ್ಬೇಕಂತೆ.”

“ನೀನು ಹಾಕಿದ್ಯಾ?”

“ಇಲ್ಲ. ನಾನು ಹಾಕಿಲ್ಲ. ಆದ್ರೆ ನನ್ನ ಪಕ್ಕ ಕೂರೋಳು ತುಂಬ್ತಾ ಇದಾಳಂತೆ. ನಿನ್ನ ಫೋನ್ ಕೊಡು, ಅವಳಿಗೆ ಹೇಳ್ಬೇಕು.”

ಅಮ್ಮ ಫೋನು ಕೊಟ್ಟಳು. ಪುಟ್ಟಿ ನಿಂತಲ್ಲೇ ಮಾತಾಡಿದಳು. “ಏಯ್, ನಿಲ್ಸೇ. ಏನೂ ಕಳಿಸ್ಬೇಡ. ಸೈಕಲ್ಲೂ ಇಲ್ಲ, ಏನೂ ಇಲ್ಲ. ನಿಮ್ಮಮ್ಮ ಇದಾರಾ? ಫೋನ್ ಅವರ ಕೈಗೆ ಕೊಡು. ನಾನು ಹೇಳ್ತೀನಿ, ಅವರು ನಿಂಗೆ ಬೈಯಲ್ಲ.”

ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮಗು ಹೆಸರನ್ನು ಮಾತ್ರ ಮುಚ್ಚಿಟ್ಟರೆ ಸಾಲದು. ಶಾಲೆ, ಕ್ಲಾಸು, ಮನೆಯ ವಿಳಾಸ, ಯೂನಿಫಾರಮ್ಮಿನ ಫೋಟೋ, ನೀವು ಮನೆಯಲ್ಲಿಲ್ಲದ ಹೊತ್ತು, ಪಾಸ್‌ವರ್ಡು, ಫೋನಿಗೆ ಬರುವ ಒಟಿಪಿ, ಇವೆಲ್ಲ ಮನೆಯೊಳಗೇ ಉಳಿಯಬೇಕಾದ ಮಾತುಗಳು. ಪರದೆಯ ಆಚೆ ಇರುವವರು ತಮ್ಮ ವಯಸ್ಸು ಹನ್ನೆರಡು ಎಂದರೆ ಅದು ಹನ್ನೆರಡೇ ಎಂದು ತಿಳಿಯಬೇಡಿ. ‘ದೊಡ್ಡವರಿಗೆ ಹೇಳಬೇಡ’ ಎಂದು ಯಾರಾದರೂ ಮಗುವಿಗೆ ಹೇಳಿದರೆ, ಮಗು ಆ ಕ್ಷಣವೇ ಎದ್ದು ಬಂದು ದೊಡ್ಡವರಿಗೆ ಹೇಳಬೇಕು. ಎಡವಟ್ಟಾಗಿದ್ದರೆ ಏನನ್ನೂ ಅಳಿಸದೆ ಶಾಲೆಗೂ ಪೊಲೀಸರಿಗೂ ತೋರಿಸಿ. ನೀವು ಹಾಕಿರುವ ಮಕ್ಕಳ ಫೋಟೋಗಳನ್ನು ಒಮ್ಮೆ ತೆರೆದು, ಅವುಗಳಲ್ಲಿ ಹಿಂದೆ ಏನೇನು ಕಾಣುತ್ತಿದೆ ಎಂದು ನೋಡಿ.

ಇದನ್ನೆಲ್ಲ ಒಂದೇ ದಿನ ಕಲಿಸಲು ಆಗದಿರಬಹುದು. ಆದರೆ ಇವತ್ತೇ ನಿಮ್ಮ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿ: ‘ಫೋನಲ್ಲಿ ನಿನ್ನ ಜೊತೆ ಯಾರ್ಯಾರು ಮಾತಾಡ್ತಾರೆ?’ ಉತ್ತರ ಏನೇ ಬರಲಿ, ಬೈಯಬೇಡಿ. ಮಗು ಹೇಳಿ ಮುಗಿಸುವವರೆಗೆ ಎದ್ದು ಹೋಗಬೇಡಿ.